ಸತ್ತೆವ್ವ ತಂದ ಮರಿ

ಹಾರೂಗೇರಿಯ ಸಂತೆಯಲ್ಲಿ ಮಾಳಸಿದ್ದ ತನ್ನ ಟಗರನ್ನು ಹೊಗಳಲು ಬಾಯಿ ತೆರೆದರೆ ಕೇಳುವವರ ಚಹಾ ಆರಿಹೋಗುತ್ತಿತ್ತು. ಹೆಂಡತಿ ಸತ್ತೆವ್ವನ ಬಗ್ಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆಡಿದವನಲ್ಲ. ಅವನ ನಾಲಿಗೆ ತಿರುಗಿಸಿದ್ದು ಪಕ್ಕದ ಮನೆಯ ಗುರಪ್ಪನ ಒಂದು ಕುರಿಮರಿ.

ಗುರಪ್ಪನಿಗೂ ಇವನಿಗೂ ಮಾತಿರಲಿಲ್ಲ. ಗುರಪ್ಪನ ಕುರಿಗಳು ಇವನ ಜೋಳ ಮೇಯ್ದ ವರ್ಷ ಮಾಳಸಿದ್ದ ಎರಡು ಮನೆಗಳ ನಡುವೆ ಜಾಲಿಮುಳ್ಳಿನ ಬೇಲಿ ಹಾಕಿದ್ದ. ತನ್ನ ಜೀವ ಇರುವ ತನಕ ಅದನ್ನು ಯಾರೂ ತೆಗೆಯಕೂಡದು ಎಂದು ಊರಿಗೆಲ್ಲ ಸಾರಿದ್ದ.

ಹೋದ ಚಳಿಗಾಲದಲ್ಲಿ ಗುರಪ್ಪನ ಕುರಿ ಈಯುತ್ತಲೇ ಸತ್ತಿತು. ಮರಿ ಬಾಟಲಿ ಹಾಲು ಮುಟ್ಟಲಿಲ್ಲ. ಇತ್ತ ಇವರ ಕರಿ ಕುರಿಯ ಮರಿ ಹಿಂದಿನ ದಿನವಷ್ಟೇ ಸತ್ತು, ತಾಯಿ ಬಿಗಿದ ಕೆಚ್ಚಲು ಹೊತ್ತು ಒದರುತ್ತಿತ್ತು. ಬೇಲಿಯ ಎರಡೂ ಕಡೆಯ ಕೂಗನ್ನು ಸತ್ತೆವ್ವ ಬೆಳಗಿನಿಂದ ಕೇಳಿದಳು. ಮಧ್ಯಾಹ್ನ ರಸ್ತೆಯ ಸುತ್ತು ಬಳಸಿ ಗುರಪ್ಪನ ಮನೆಗೆ ಹೋಗಿ, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಮಾಳಸಿದ್ದ ಉರಿದೆದ್ದ. ವೈರಿಯ ಮರಿ ತನ್ನ ಹಟ್ಟಿಯಲ್ಲಿ ಹಾಲು ಕುಡಿಯಕೂಡದು ಎಂದ.

“ಹಾಲು ಕುರೀದು, ಹಸಿವಿ ಮರೀದು. ನಡುವ ನಿಮ್ಮ ಜಗಳ ಯಾಕ ತರ್ತೀರಿ?” ಎಂದಳು ಸತ್ತೆವ್ವ.

ಕರಿ ಕುರಿ ಮರಿಯನ್ನು ಮೂಸಿ ನೋಡಿ ಗುದ್ದಿತು. ಕುರಿಗೆ ತನ್ನದೇ ವಾಸನೆ ಸಿಗಲೆಂದು ಸತ್ತೆವ್ವ ಅದರದೇ ಹಾಲು ಹಿಂಡಿ ಮರಿಯ ಮೈಗೆಲ್ಲ ಹಚ್ಚಿ, ಮೇಲೆ ಉಪ್ಪು ಸವರಿದಳು. ಕುರಿ ಮತ್ತೆ ದೂಡಿತು. ಹೀಗೇ ಆದರೆ ಮರಿ ಉಳಿಯುವುದಿಲ್ಲ ಎಂದು ಮಾಳಸಿದ್ದನಿಗೂ ಗೊತ್ತಿತ್ತು. ಸತ್ತೆವ್ವ ಕುರಿಯ ಕುತ್ತಿಗೆ ತಬ್ಬಿ ಅಲ್ಲೇ ಕೂತಳು. ದೀಪ ಹಚ್ಚುವ ಹೊತ್ತಿಗೆ ಕುರಿ ಉಪ್ಪಿನ ಆಸೆಗೆ ಮರಿಯನ್ನು ಒಮ್ಮೆ ನೆಕ್ಕಿತು. ಮತ್ತೆ ನೆಕ್ಕಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗ ಕಾಲು ಸರಿಸಿ ಜಾಗ ಕೊಟ್ಟಿತು. ಮಾಳಸಿದ್ದ ಕಂಬಕ್ಕೆ ಒರಗಿ ನೋಡುತ್ತಿದ್ದ. ಇಂಥವಳು ತನ್ನ ಮನೆಯವಳು ಎಂದು ಅವನಿಗೆ ಮೊದಲ ಸಲ ಹೆಮ್ಮೆಯಾಯಿತು.

ಮರಿ ಗಟ್ಟಿಯಾದ ಮೇಲೆ ಸತ್ತೆವ್ವ ಅದನ್ನು ಗುರಪ್ಪನಿಗೆ ಒಪ್ಪಿಸಿದಳು. ಮರುದಿನ ಕರಿ ಕುರಿ ಮೇಯಲು ಹೋಗದೆ, ಬೇಲಿಯಲ್ಲಿ ಮೂತಿ ತೂರಿಸಿ ಮರಿಯನ್ನು ಕರೆಯುತ್ತ ನಿಂತಿತ್ತು. ಮುಳ್ಳು ತರಚಿ ಮೂತಿಯಲ್ಲಿ ರಕ್ತ ಬಂದಿತ್ತು. ಮಾಳಸಿದ್ದ ನೋಡುವಷ್ಟು ನೋಡಿದ. ಆಮೇಲೆ ಕೊಡಲಿ ತಂದು, ತಾನೇ ಹಾಕಿದ ಬೇಲಿಯನ್ನು ತಾನೇ ಕಡಿಯತೊಡಗಿದ. ಆಚೆಯಿಂದ ಗುರಪ್ಪ ಬಂದು ಮುಳ್ಳುಕಂಟಿ ಎಳೆದು ಬದಿಗೆ ಹಾಕಿದ.

ಈಗ ಸಂತೆಯಲ್ಲಿ ಯಾರಾದರೂ ಟಗರನ್ನು ಮೆಚ್ಚಿದರೆ ಮಾಳಸಿದ್ದ ಕೈ ಬೀಸಿಬಿಡುತ್ತಾನೆ.

“ಟಗರು ಇರ್ಲಿ ಬಿಡ್ರಿ. ನಮ್ಮ ಸತ್ತೆವ್ವ ಏನ್ ಮಾಡಿದ್ಲು ಹೇಳ್ತೀನಿ, ಕುಂದರ್ರಿ.”

ಪಕ್ಕದಲ್ಲಿ ಗುರಪ್ಪ ಕೂತಿರುತ್ತಾನೆ. ಮಾಳಸಿದ್ದ ಹೇಳುವಾಗ ಏನಾದರೂ ಮರೆತರೆ ಅವನೇ ನೆನಪು ಮಾಡಿಕೊಡುತ್ತಾನೆ. ಕೇಳುವವರ ಚಹಾ ಈಗಲೂ ಆರಿಹೋಗುತ್ತದೆ.