ನಾನು ಕೂಡಿಸಿದ ಮನೆಗಳು

ಕೋಲಾರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಾನು ಮನುಷ್ಯರನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಮಾಡುತ್ತಿದ್ದೆ. ಹೀಗೆಂದರೆ ಕೇಳಿದವರು ನಗುತ್ತಾರೆ. ಆದರೆ ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ. ಒಂದು ಸಂಶೋಧನಾ ಸಂಸ್ಥೆಯವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಿಗೆ ಹುಡುಗರನ್ನು ಕಳಿಸಿ, ಜನಗಣತಿಯ ಮಾದರಿಯಲ್ಲೇ ಮನೆಮನೆಯ ವಿವರ ಬರೆಸಿಕೊಂಡಿದ್ದರು. ಮನೆಯಲ್ಲಿ ಯಾರ್ಯಾರಿದ್ದಾರೆ, ವಯಸ್ಸೆಷ್ಟು, ಕಸುಬೇನು, ಆಡುವ ಭಾಷೆ ಯಾವುದು, ಹೀಗೆ. ಕಾಗದದ ಮೇಲೆ ಇದ್ದರೆ ಅದನ್ನು ಓದಬಹುದು, ಕೂಡಿಸಿ ಕಳೆದು ನೋಡಲು ಆಗುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಸಂಖ್ಯೆಯಾಗಿಸಿ ತುಂಬಬೇಕು. ಗಂಡು ಅಂದರೆ ಒಂದು, ಹೆಣ್ಣು ಅಂದರೆ ಎರಡು. ರೇಷ್ಮೆ ಸಾಕುವವರಿಗೆ ಒಂದು ಸಂಖ್ಯೆ, ಟೊಮೆಟೊ ಮಂಡಿಯಲ್ಲಿ ಬಾಕ್ಸು ಹೊರುವವರಿಗೆ ಇನ್ನೊಂದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬಹಳ ವರ್ಷ ತಾಲ್ಲೂಕು ಕಚೇರಿಯ ಎದುರು ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಟೈಪು ಮಾಡಿ ಬದುಕಿದವನು. ಮಕ್ಕಳಾಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂದು ಬಾಡಿಗೆ ಕೋಣೆಗೆ ಬಂದೆ. ಹಬ್ಬದ ದಿನಗಳಲ್ಲಿ ಕೂಡ ನನ್ನ ಗಂಟಲಿನಿಂದ ಮಾತು ಹೊರಡುತ್ತಿದ್ದುದು ಹಾಲಿನವನ ಜೊತೆ ಮಾತ್ರ. ಪರಿಚಯದವರೊಬ್ಬರು ಈ ಕೆಲಸಕ್ಕೆ ಸೇರಿಸಿದಾಗ ನನಗೆ ಬೇಕಾಗಿದ್ದದ್ದು ಆ ಕೋಣೆಯಲ್ಲಿದ್ದ ಗದ್ದಲ. ನಾಲ್ಕಾರು ಹುಡುಗ ಹುಡುಗಿಯರು, ಒಂದೇ ಫ್ಯಾನು, ಮಧ್ಯಾಹ್ನಕ್ಕೆ ಡಬ್ಬಿಗಳ ವಾಸನೆ. ನನ್ನನ್ನು ತಾತ ಅನ್ನುತ್ತಿದ್ದರು.

ಮೊದಲ ದಿನವೇ ಮೇಲ್ವಿಚಾರಕ ಹುಡುಗ ಒಂದು ನಿಯಮ ಹೇಳಿಕೊಟ್ಟ. ಮನೆ ಅಂದರೆ ಗೋಡೆಯಲ್ಲ, ಒಲೆ. ಒಂದೇ ಹಿತ್ತಿಲಿನಲ್ಲಿ ಮೂರು ಒಲೆ ಉರಿದರೆ ಮೂರು ಮನೆ. ಒಬ್ಬರೇ ಬೇಯಿಸಿಕೊಂಡು ಒಬ್ಬರೇ ಉಂಡರೆ ಅದೂ ಒಂದು ಮನೆಯೇ. ಆದರೆ ಹಾಗೆ ಒಬ್ಬರೇ ಇರುವ ಮನೆಯನ್ನು ತುಂಬಿದಾಗಲೆಲ್ಲ ಪರದೆಯ ಮೇಲೆ ಆ ಸಾಲು ಕೆಂಪಾಗುತ್ತಿತ್ತು. ಅದಕ್ಕೂ ಕಾರಣವಿತ್ತು. ದೊಡ್ಡ ಕುಟುಂಬಗಳ ಎರಡನೇ ಹಾಳೆ ಎಷ್ಟೋ ಸಲ ಕಳಚಿಹೋಗಿ ಹಾಳೆಗಳ ಬೇರೆ ಕಟ್ಟು ಸೇರುತ್ತಿತ್ತು, ಆಗ ಒಂದು ಹಾಳೆಯಲ್ಲಿ ಉಳಿದ ಒಬ್ಬರು ಒಂಟಿ ಮನೆಯಂತೆ ಕಾಣುತ್ತಿದ್ದರು. ಆದ್ದರಿಂದ ಕೆಂಪು ಬಂದರೆ ಎದ್ದು ಮೇಲಿನ ಉಗ್ರಾಣಕ್ಕೆ ಹೋಗಿ, ಹಾಳೆ ಇನ್ನೊಂದಿದೆಯೇ ಎಂದು ಹುಡುಕಿ, ಇರುವ ಹಾಳೆಯ ಫೋಟೊ ತೆಗೆಸಿ, ಮೇಲ್ವಿಚಾರಕನಿಗೆ ತೋರಿಸಿ, ಆಮೇಲೆ ಮುಂದಕ್ಕೆ ಹೋಗಬೇಕು. ಸಂಜೆ ಯಾರ ಹೆಸರಿನ ಮುಂದೆ ಎಷ್ಟು ಕೆಂಪು ಎಂದು ಅವನು ಗಟ್ಟಿಯಾಗಿ ಓದುತ್ತಿದ್ದ. ಕೆಂಪು ಬರುವುದು ತಪ್ಪಲ್ಲ ಎಂದು ಅವನೇ ಹೇಳುತ್ತಿದ್ದ. ಆದರೂ ಓದುವಾಗ ಎಲ್ಲರೂ ನಗುತ್ತಿದ್ದರು.

ನನಗೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರಾಯಲ್ಪಾಡು ಕಡೆಯ ಕಟ್ಟುಗಳು ಬಂದಿದ್ದವು. ಆರಂಭದಲ್ಲಿ ನನ್ನ ಹೆಸರಿನ ಮುಂದೆಯೇ ಎಲ್ಲರಿಗಿಂತ ಹೆಚ್ಚು ಕೆಂಪು. "ತಾತಂಗೆ ಕಣ್ಣು ಮಂಜು ಕಣೋ, ಹಾಳೆ ಕಾಣಲ್ಲ" ಅಂತ ಒಬ್ಬ ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನಗೆ ಮಾತ್ರ ಅದು ಚುಚ್ಚಿತು.

ಒಂದು ದಿನ ಒಬ್ಬ ವಿಧವೆಯ ಹಾಳೆ ಬಂತು. ಅಣ್ಣನ ಮನೆಯ ಹಿಂದೆ ಒಂದು ಕೋಣೆ, ಒಲೆ ಬೇರೆ. ಸಾಲು ಕೆಂಪಾಯಿತು. ಮಂಡಿ ನೋಯುತ್ತಿತ್ತು, ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ. ಆಕೆಯನ್ನು ಅಣ್ಣನ ಮನೆಗೇ ಸೇರಿಸಿ, ಸಂಬಂಧ ಎಂಬಲ್ಲಿ 'ಇತರೆ' ಎಂದು ಹಾಕಿದೆ. ಕೆಂಪು ಮಾಯವಾಯಿತು. ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನ ಇನ್ನೂ ನೆನಪಿದೆ. ನಮ್ಮ ಕಡೆ ಒಡಹುಟ್ಟಿದವಳನ್ನು ಬೇರೆ ಇಟ್ಟಿದ್ದೇವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮನೆತನಕ್ಕೆ ಅವಮಾನ. ನಾನು ಆ ಮನೆಯ ಮಾನ ಉಳಿಸಿದೆ ಎಂದುಕೊಂಡೆ.

ಆಮೇಲೆ ಸಂಬಂಧವೇ ಇಲ್ಲದವರನ್ನೂ ಕೂಡಿಸಿದೆ. ಮಾವಿನ ತೋಪಿನ ಕಾವಲುಗಾರನನ್ನು ತೋಪಿನ ಒಡೆಯನ ಮನೆಗೆ, ಗುಡಿಸಲಿನ ಮುದುಕಿಯನ್ನು ಎದುರು ಮನೆಗೆ. ಪಕ್ಕದ ಹಾಳೆಯಲ್ಲಿ ಯಾರಿದ್ದರೋ ಅವರೇ ಬಂಧುಗಳಾದರು.

"ತಾತ, ನಿಮ್ದು ಇವತ್ತೂ ಒಂದೂ ಕೆಂಪಿಲ್ಲ!" ಎಂದು ಮೇಲ್ವಿಚಾರಕ ಕೂಗಿದ. "ಲೇ, ನೋಡಿ ಕಲೀರ್ರೋ."

"ತಾತ ಮಂತ್ರ ಹಾಕ್ತಾರೆ ಸಾರ್."

"ನಮ್ಗೂ ಹೇಳ್ಕೊಡಿ ತಾತ, ಬಜ್ಜಿ ಕೊಡಿಸ್ತೀವಿ."

ಅಂದು ಸಂಜೆ ಅವರ ಜೊತೆ ಬಂಡಿಯ ಮುಂದೆ ನಿಂತು ಮೆಣಸಿನಕಾಯಿ ಬಜ್ಜಿ ತಿಂದೆ. ಅಷ್ಟು ಜನರ ಮಧ್ಯೆ ನಿಂತು ತಿಂದು ಎಷ್ಟೋ ಕಾಲವಾಗಿತ್ತು. ಆ ಬಜ್ಜಿಯ ರುಚಿಗೆ ನಾನು ಮುಂದೆಯೂ ಅದೇ ಕೆಲಸ ಮಾಡಿದೆ. ಇದನ್ನು ಬೇರೆ ರೀತಿಯಲ್ಲಿ ಹೇಳಿದರೆ ಸುಳ್ಳಾಗುತ್ತದೆ.

ತುಂಬುವ ಕೆಲಸ ಮುಗಿಯುವ ಹೊತ್ತಿಗೆ ಒಬ್ಬ ಸಂಶೋಧಕಿ ಬಂದಳು. ಈ ಮಾಹಿತಿಯ ಮೇಲೆ ಪ್ರಬಂಧ ಬರೆಯುತ್ತಿದ್ದವಳು. ಕಂಪ್ಯೂಟರಿನಲ್ಲಿ ನಾಲ್ಕು ತಾಲ್ಲೂಕುಗಳ ನಕ್ಷೆ ತೆರೆದು ನಮ್ಮೆಲ್ಲರನ್ನೂ ಕರೆದು ತೋರಿಸಿದಳು. ಒಂಟಿಯಾಗಿ ಇರುವವರ ಮನೆಗೆ ಒಂದೊಂದು ಚುಕ್ಕೆ. ಮಾಲೂರಿನ ಸುತ್ತ ಚುಕ್ಕೆ, ಮುಳಬಾಗಿಲಿನ ಹೆದ್ದಾರಿಯ ಎರಡೂ ಬದಿ ಚುಕ್ಕೆ. ರಾಯಲ್ಪಾಡು ಕಡೆ ಬಂದರೆ ಮೊದಲಿಗೆ ನಾಲ್ಕಾರು ಚುಕ್ಕೆ, ಆಮೇಲೆ ಬಟಾಬಯಲು.

"ನೋಡಿ ಸರ್, ಎಷ್ಟು ಚೆನ್ನಾಗಿದೆ" ಎಂದಳು ನನ್ನ ಕಡೆ ತಿರುಗಿ. "ಇಲ್ಲಿಂದ ಆಚೆ ಯಾರೂ ಒಂಟಿಯಾಗಿಲ್ಲ. ಗಡಿ ಹಳ್ಳಿಗಳಲ್ಲಿ, ತೆಲುಗು ಮಾತಾಡೋರ ಮಧ್ಯೆ, ಕುಟುಂಬ ಇನ್ನೂ ಗಟ್ಟಿಯಾಗಿದೆ. ಒಂಟಿ ಮುದುಕರನ್ನ ನೋಡ್ಕೊಳ್ಳೋಕೆ ನರ್ಸ್‌ಗಳನ್ನ ಎಲ್ಲಿಗೆ ಕಳಿಸ್ಬೇಕು ಅಂತ ಆರೋಗ್ಯ ಇಲಾಖೆಯೋರು ಕೇಳ್ತಿದ್ದಾರೆ. ಈ ಕಡೆ ಬೇಡ ಅಂತ ಧೈರ್ಯವಾಗಿ ಹೇಳಬಹುದು."

ಚುಕ್ಕೆಗಳು ನಿಂತ ಗೆರೆ ಯಾವುದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಅದು ತೆಲುಗಿನ ಗಡಿಯಲ್ಲ, ನಾನು ಕೂಡಿಸತೊಡಗಿದ ಕಟ್ಟುಗಳ ಗಡಿ. "ಹೌದಮ್ಮ, ಚೆನ್ನಾಗಿದೆ" ಅಂದೆ.

ಆ ವಾರ ನಿದ್ದೆ ಸರಿಯಾಗಲಿಲ್ಲ. ನಾನು ಬರೆದದ್ದು ಅಷ್ಟೇನೂ ಸುಳ್ಳಲ್ಲ, ಹಳ್ಳಿಯಲ್ಲಿ ಒಬ್ಬರಿಗೊಬ್ಬರು ಆಗಿಯೇ ಆಗುತ್ತಾರೆ ಎಂದು ಕಣ್ಣಾರೆ ನೋಡಿ ಬಂದರೆ ಮನಸ್ಸು ಹಗುರಾದೀತು ಅನ್ನಿಸಿತು. ಎದುರು ಮನೆಗೆ ಸೇರಿಸಿದ ಮುದುಕಿಯ ಊರು, ಬೀದಿ ನೆನಪಿತ್ತು. ಹಾಳೆಯಲ್ಲಿ ಕಂಡ ವಿಳಾಸ ಹಿಡಿದು ಹೋಗುವುದು ನಿಯಮಕ್ಕೆ ವಿರುದ್ಧ. ಅದನ್ನೂ ಮಾಡಿದೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ, ಮಾವಿನ ಕ್ರೇಟುಗಳ ನಡುವೆ ಕಾಲು ಮುದುರಿ ಕೂತು ಹೋದೆ.

ಮುದುಕಿ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಯಾರು ಸಾಮೀ? ಪಿಂಚಣಿಯೋರಾ?"

"ಅಲ್ಲಮ್ಮ, ಸುಮ್ನೆ ಬಂದೆ."

"ಈ ಬಿಸ್ಲಲ್ಲಿ ಸುಮ್ನೆ ಯಾರು ಬರ್ತಾರೆ? ನೆರಳಿಗೆ ಬಾ."

ನೀರು ಕೊಟ್ಟಳು. ಎದುರು ಮನೆಯವರು ನಿಮಗೆ ಏನಾಗಬೇಕು ಎಂದು ಕೇಳಿದೆ.

"ಏನೂ ಆಗ್ಬೇಕಿಲ್ಲ. ಅವರ ಜಾಗ. ಇರು ಅಂದ್ರು, ಇದ್ದೀನಿ."

ಹಿಂದೆ ಒಬ್ಬ ಹುಡುಗ ಬಂದು ಬರೆದುಕೊಂಡು ಹೋಗಿದ್ದನಲ್ಲ, ಆ ಲೆಕ್ಕದಲ್ಲಿ ನಿಮ್ಮನ್ನು ಎದುರು ಮನೆಯವರು ಅಂತ ಸೇರಿಸಿಬಿಟ್ಟಿದ್ದಾರೆ ಎಂದೆ. ಸೇರಿಸಿದವನು ನಾನು ಎನ್ನಲು ಬಾಯಿ ಬರಲಿಲ್ಲ. ಅವಳು ಮೊರ ಕೆಳಗಿಟ್ಟು ನಕ್ಕಳು. ಎದುರು ಮನೆಯ ಕಡೆ ತಿರುಗಿ ಕೂಗಿದಳು.

"ಏಮ್ಮಾ! ನೇನು ಮೀ ಇಂಟಿ ಮನಿಷಿನಂಟ! ಇವಾಳ ನುಂಚಿ ನಾಕೂ ಸಂಗಟಿ ಪೆಟ್ಟು!"

ನಾನು ನಿಮ್ಮ ಮನೆಯವಳಂತೆ, ಇವತ್ತಿನಿಂದ ನನಗೂ ಮುದ್ದೆ ಹಾಕು ಎಂದು. ಒಳಗಿನಿಂದ ಒಬ್ಬ ಹೆಂಗಸಿನ ದನಿ ಬಂತು. "ರಾವೇ, ರಾ! ಬಂದು ಮೊದ್ಲು ಕೊಟ್ಟಿಗೆ ಸಗಣಿ ಎತ್ತು!" ಇಬ್ಬರೂ ನಕ್ಕರು. ನಾನೂ ನಕ್ಕೆ. ಒಂದು ಗಳಿಗೆ ಎಲ್ಲ ಸರಿಹೋಯಿತು ಅನ್ನಿಸಿತು.

ಮುದುಕಿ ಮತ್ತೆ ಮೊರ ಎತ್ತಿಕೊಂಡಳು. "ಒಳ್ಳೆಯೋರೇ ಅವರು" ಎಂದಳು, ದನಿ ತಗ್ಗಿಸಿ. "ಹೋದ ಚಳೀಲಿ ಜ್ವರ ಬಂದು ಮಲಗಿಬಿಟ್ಟೆ. ಮೇಲೇಳೋಕಾಗ್ದೆ ಬಾಗಿಲು ಹಾಕಿದ್ದು ಹಾಕ್ದಂಗೇ ಇತ್ತು. ನಾನು ನನ್ ತಂಗಿ ಊರಿಗೆ ಹೋಗಿರ್ಬೇಕು ಅಂದ್ಕೊಂಡ್ರಂತೆ. ಅವರ ತಪ್ಪೇನು ಬಿಡು, ಅವರ ಮನೇಲಿ ಒಬ್ರು ಕಮ್ಮಿಯಾಗಿದ್ರೆ ಗೊತ್ತಾಗ್ತಿತ್ತು. ನಾನು ಒಬ್ಳೇ ಅಂತ ತಿದ್ಕೋ ಸಾಮೀ. ಆ ಹುಡುಗಂಗೂ ಅದೇ ಹೇಳಿದ್ದೆ."

"ತಿದ್ಕೋತೀನಿ" ಅಂದೆ.

ಮರುದಿನವೇ ಸಂಶೋಧಕಿಗೆ ಎಲ್ಲವನ್ನೂ ಹೇಳಿದೆ. ಬೇರೆಯವರ ಎದುರಿಗೇ ಹೇಳಬೇಕಾಯಿತು, ಇದ್ದದ್ದೇ ಒಂದು ಕೋಣೆ.

"ಎಷ್ಟು ಮನೆ ಸರ್?"

"ಲೆಕ್ಕ ಇಟ್ಟಿಲ್ಲಮ್ಮ."

"ಯಾಕೆ ಹೀಗೆ ಮಾಡಿದ್ರಿ?"

"ಕೆಂಪು ಬರಬಾರದು ಅಂತ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಅವಳು ಬೈಯಲಿಲ್ಲ. ಮೇಲ್ವಿಚಾರಕ ಹುಡುಗನ ಮುಖ ಮಾತ್ರ ಬಿಳಿಚಿಕೊಂಡಿತು, ನನ್ನನ್ನು ಹೊಗಳಿದವನು ಅವನಲ್ಲವೇ. ಹಾಳೆಗಳನ್ನು ಮತ್ತೆ ಇಳಿಸಿ ನೋಡೋಣ ಎಂದು ಅವಳು ಹೇಳಿದಾಗ ಅವನು ತಲೆ ತಗ್ಗಿಸಿ ಇನ್ನೊಂದು ಸಂಗತಿ ಹೇಳಿದ. ಉಗ್ರಾಣದಲ್ಲಿ ಜಾಗವಿಲ್ಲದ್ದರಿಂದ, ಯಾವ ಕಟ್ಟಿನಲ್ಲಿ ಕೆಂಪು ಇಲ್ಲವೋ ಅದನ್ನು ಮೊದಲು ರದ್ದಿಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಕೆಂಪು ಬಂದ ಹಾಳೆಗಳಿಗಾದರೆ ಫೋಟೊ ಇದೆ. ಹಾಗಾಗಿ ಎಲ್ಲರಿಗಿಂತ ಮೊದಲು ಹೋದದ್ದು ನನ್ನ ಕಟ್ಟುಗಳು, ಒಂದು ಗುರುತೂ ಉಳಿಯದ ಹಾಗೆ.

ಕೊನೆಯ ಕೆಲವು ಕಟ್ಟು ಉಳಿದಿದ್ದವು. ನಾನು ಕೀಬೋರ್ಡು ಮುಟ್ಟುವಂತಿರಲಿಲ್ಲ. ನಾನು ಹಾಳೆ ಓದಬೇಕು, ಒಬ್ಬ ಹುಡುಗಿ ತುಂಬಬೇಕು. ಒಂಟಿಯವರ ಹಾಳೆ ಬಂದಾಗಲೆಲ್ಲ "ಒಬ್ಬರು" ಎಂದು ಓದುತ್ತಿದ್ದೆ. ಅವಳು ತುಂಬಿ, ಸಾಲು ಕೆಂಪಾದ ಕೂಡಲೆ ತಾನೇ ಎದ್ದು ಉಗ್ರಾಣಕ್ಕೆ ಹೋಗುತ್ತಿದ್ದಳು. ಅವಳು ಬರುವ ತನಕ ನಾನು ಸುಮ್ಮನೆ ಕೂತಿರುತ್ತಿದ್ದೆ. ತಾತ ಎಂದು ಯಾರೂ ಕರೆಯುತ್ತಿರಲಿಲ್ಲ. ಚಹಾ ಬಂದಾಗ ನನ್ನ ಲೋಟವನ್ನು ಮೇಜಿನ ತುದಿಯಲ್ಲಿಟ್ಟು ಹೋಗುತ್ತಿದ್ದರು.

ಮುದುಕಿಯ ಊರಿನ ಕಟ್ಟು ಉಳಿದವುಗಳಲ್ಲಿ ಇರಲಿಲ್ಲ. ಕೊನೆಯ ದಿನ ಸಂಶೋಧಕಿಯನ್ನು ಕೇಳಿದೆ. "ಆ ಒಬ್ಬಳನ್ನ ನಾನು ನೋಡಿ ಬಂದಿದ್ದೀನಮ್ಮ. ಒಲೆ ಬೇರೆ. ಅವಳ ಬಾಯಿಂದಲೇ ಕೇಳಿದ್ದೀನಿ. ಅವಳೊಬ್ಬಳನ್ನಾದ್ರೂ ತಿದ್ದು."

ಅವಳು ಪರದೆಯ ಮೇಲೆ ಆ ಊರನ್ನು ತೆರೆದಳು. "ಹೇಗೆ ತಿದ್ದಲಿ ಸರ್? ಹಾಳೆ ಇಲ್ಲ. ನೀವು ಹೇಳಿದ್ರಿ ಅಂತ ಮೊದಲೂ ಹಾಕಿದ್ವಿ, ಈಗಲೂ ನೀವು ಹೇಳಿದ್ರಿ ಅಂತಲೇ ಹಾಕಬೇಕು."

ಅವಳು ನಕ್ಷೆಯಲ್ಲಿ ಆ ಹಳ್ಳಿಗಳಿಗೆ ಬೂದು ಬಣ್ಣ ಕೊಟ್ಟು, ಈ ಭಾಗದಲ್ಲಿ ಒಂಟಿ ಮನೆಗಳ ಮಾಹಿತಿ ನಂಬಲರ್ಹವಲ್ಲ, ಯಾರೂ ಇದರಿಂದ ತೀರ್ಮಾನಕ್ಕೆ ಬರಬಾರದು ಎಂದು ಕೆಳಗೆ ಬರೆದಳು. ನರ್ಸ್‌ಗಳ ವಿಷಯ ಕೇಳಿದವರಿಗೂ ಇದನ್ನೇ ಹೇಳುತ್ತೇನೆ, ಮತ್ತೆ ಹೋಗಿ ಬರೆಸುವುದಾದರೆ ಬರೆಸಲಿ ಎಂದಳು. ಬರೆಸುತ್ತಾರೋ ಇಲ್ಲವೋ ನನಗೆ ತಿಳಿಯದು. ಆಮೇಲೆ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ, ನಾನೂ ಆ ಕಡೆ ಹೋಗಲಿಲ್ಲ.

ರಾಯಲ್ಪಾಡು ಕಡೆ ಹೋಗಿ ಆ ಮುದುಕಿಗೆ, ತಿದ್ದುತ್ತೇನೆ ಎಂದಿದ್ದೆ, ಆಗಲಿಲ್ಲ, ಸೇರಿಸಿದವನು ನಾನೇ ಎಂದು ಹೇಳಬೇಕು. ಎರಡು ಸಲ ಶ್ರೀನಿವಾಸಪುರದ ತನಕ ಹೋಗಿ ವಾಪಸು ಬಂದಿದ್ದೇನೆ.