ಕೋವಿ ತಾತನ ಸೊಟ್ಟ ಗುರಿ

ಕೋವಿ ತಾತನ ಬಳಿ ಇದ್ದದ್ದು ಮೂರೇ ಕೋವಿ. ಓಣಿಯವರು ಮಾತ್ರ ಅವರೊಂದು ಸೈನ್ಯವನ್ನೇ ಸಾಕಿದ್ದಾರೆಂಬಂತೆ ಮಾತಾಡುತ್ತಿದ್ದರು. ಹಕ್ಕಿಗೆ ಒಂಟಿ ನಳಿಗೆಯದು, ಹಂದಿಗೆ ಜೋಡಿ ನಳಿಗೆಯದು, ದೂರದ ಬೇಟೆಗೊಂದು ರೈಫಲ್ಲು. ಶೋಕಿಯದು ಒಂದೂ ಇಲ್ಲ. ಬೀರುವಿನಲ್ಲಿ ಕಂಬಳಿಗಳ ಪಕ್ಕ, ಬೀಗದೊಳಗೆ ನಿಂತಿರುತ್ತಿದ್ದವು. ಹೆಂಡತಿ ಅವನ್ನು ಸವತಿಯರೆಂದೇ ಕರೆಯುತ್ತಿದ್ದರು; ತನ್ನ ಮಂಡಿನೋವಿಗೆ ಹಚ್ಚದ ಎಣ್ಣೆಯನ್ನು ಅವಕ್ಕೆ ಹಚ್ಚಿದ್ದಾರೆಂಬುದು ಆಕೆಯ ಹಳೆಯ ತಕರಾರು.

ಮೂರಕ್ಕೂ ಒಂದೊಂದು ಐಬು. ಒಂಟಿ ನಳಿಗೆ ಎಡಕ್ಕೆ ಎಳೆಯುತ್ತಿತ್ತು, ಜೋಡಿ ನಳಿಗೆ ಬಲಕ್ಕೆ. ರೈಫಲ್ಲಿಗೆ ಆಕಾಶದ ಮೇಲೇ ಪ್ರೀತಿ. ತಾತ ಪ್ರಾಯದಿಂದಲೂ ಆಯಾ ಕೋವಿಯ ಐಬಿಗೆ ಎದುರು ದಿಕ್ಕಿಗೆ ಗುರಿಯಿಟ್ಟೇ ಬೇಟೆಯಾಡಿದವರು. ರಿಪೇರಿ ಎಂಬ ಮಾತು ಅವರ ತಲೆಗೇ ಹೊಳೆದಿರಲಿಲ್ಲ.

ಈ ಸಲ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಅಧಿಕಾರಿ ಅವರ ದಪ್ಪ ಕನ್ನಡಕ ನೋಡಿ ರಾಗ ಎಳೆದರು. ಒಂದು ಪರೀಕ್ಷೆ ಇಟ್ಟರು: ಮೂರು ಕೋವಿಗೆ ಮೂರು ಗುಂಡು. ಮೂರರಲ್ಲಿ ಒಂದಾದರೂ ದೂರದಲ್ಲಿಟ್ಟ ತಗಡಿನ ಡಬ್ಬಕ್ಕೆ ತಾಗಬೇಕು, ಇಲ್ಲವಾದರೆ ಎಲ್ಲವನ್ನೂ ಒಪ್ಪಿಸಿಬಿಡಬೇಕು. ತಾತನಿಗೆ ಊಟ ಸೇರದಾಯಿತು. ಅದನ್ನು ಕಂಡು ಮರುಗಿದವನು ಗಡಿಯಾರ ರಿಪೇರಿಯ ಅಳಿಯ. ಮುಳ್ಳು ಒಂದಿಷ್ಟು ಆಚೀಚೆಯಾದರೂ ಸಹಿಸದ ಪ್ರಾಣಿ. ಮಾವ ನಿದ್ದೆಹೋದಾಗ ಅತ್ತೆಯಿಂದ ಬೀಗದ ಕೈ ಇಸಿದುಕೊಂಡ.

ಪರೀಕ್ಷೆಯ ದಿನ ತಾತ ಎಂದಿನಂತೆ ಬಲಕ್ಕೆ ಹಿಡಿದು ಒಂಟಿ ನಳಿಗೆ ಹಾರಿಸಿದರು. ಬಲಗಡೆ ಬೇಲಿಗೆ ಸಿಕ್ಕಿಸಿದ್ದ ಅಧಿಕಾರಿಯ ಟೋಪಿ ಹಾರಿತು. ಎಡಕ್ಕೆ ಹಿಡಿದು ಜೋಡಿ ನಳಿಗೆ ಹಾರಿಸಿದರು. ಅಧಿಕಾರಿಯ ಚಹಾದ ಫ್ಲಾಸ್ಕ್ ಚೂರಾಯಿತು. ಡಬ್ಬ ಹಾಯಾಗಿ ಕೂತಿತ್ತು.

ಅಳಿಯ ಕಿವಿಯ ಬಳಿ ಬಗ್ಗಿದ. "ಗಾಬರಿ ಬೇಡ ಮಾವ. ಮೂರನ್ನೂ ನಾನೇ ಸರಿಮಾಡಿ ಇಟ್ಟಿದ್ದೀನಿ. ಕೂದಲೆಳೆಯಷ್ಟೂ ಸೊಟ್ಟ ಇಲ್ಲ."

ಎರಡು ಗುಂಡೂ ಏಕೆ ತಪ್ಪಿದವೆಂದು ತಾತನಿಗೆ ಈಗ ಹೊಳೆಯಿತು. ಇದನ್ನು ಅಧಿಕಾರಿಗೆ ಹೇಳಿದರೆ ಇನ್ನೊಂದು ಅವಕಾಶ ಸಿಕ್ಕೀತು. ಆದರೆ ಅಷ್ಟು ಜನರೆದುರು ಅಳಿಯನ ಮುಖ ಸಣ್ಣದಾಗುತ್ತದೆ. ಆ ಮುಖವೋ ಹೆಮ್ಮೆಯಿಂದ ಪೂರಿಯಂತೆ ಉಬ್ಬಿತ್ತು. ತಾತನಿಗೆ ಕೋಪವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಬಾಯಿ ಮುಚ್ಚಿಕೊಂಡು ರೈಫಲ್ ಎತ್ತಿದರು. ಕೈ ತಾನಾಗಿಯೇ ಕೆಳಕ್ಕೆ ಜಾರಿತು. ಅದನ್ನು ಮನಸ್ಸಿನಲ್ಲೇ ಬೈದು ಮೇಲಕ್ಕೆ ತಂದರು. ಯಾವುದಕ್ಕೆ ಹೊಡೆಯಬೇಕೋ ಅದಕ್ಕೇ ನೇರವಾಗಿ ಗುರಿಯಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಡಬ್ಬ ಠಣ್ಣೆಂದು ಪಲ್ಟಿ ಹೊಡೆಯಿತು.

ತೂತಾದ ಟೋಪಿ ಹಿಡಿದುಕೊಂಡು ಅಧಿಕಾರಿ ಮೊದಲೆರಡರ ಕಥೆ ಏನೆಂದು ಕೇಳಿದರು.

"ಅವೆರಡೂ ನನ್ನ ತಪ್ಪು ಸಾರ್. ಕೋವಿಗಳು ಸರಿಯಾಗೇ ಇವೆ," ಎಂದರು ತಾತ.

ಅಧಿಕಾರಿ ಗೊಣಗುತ್ತಲೇ ಸಹಿ ಹಾಕಿದರು. ಮನೆಯ ದಾರಿಯುದ್ದಕ್ಕೂ ಅಳಿಯ ತನ್ನ ಕೈಚಳಕವನ್ನು ಕೊಚ್ಚಿಕೊಂಡ. ತಾತ ಹೂಂಗುಟ್ಟುತ್ತ ಬಂದವರು ಬಾಗಿಲ ಬಳಿ ನಿಂತರು.

"ಅಳಿಯಂದ್ರೇ, ಭಾನುವಾರ ಅಂಗಡಿ ರಜಾ ತಾನೇ? ಡಬ್ಬ ಜೋಡಿಸಿಕೊಡೋಕೆ ಬನ್ನಿ. ನಾನು ಮೊದಲಿಂದ ಕಲೀಬೇಕು."