ಲೇ ದಡ್ಡಿ, ಮತ್ತೆ ಕೆಡಿಸಿದೆಯಾ?

ಗೆಳೆಯರೇ, ಇವತ್ತು ನನ್ನ ವೆಬ್‌ಸೈಟ್ ಹೊಸದುರ್ಗದ ಹಿರಿಯ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಬೈದಿದೆ.

ದಿನದ ಕೊಬ್ಬರಿ ರೇಟು ತೋರಿಸುವ ಸೈಟ್ ಅದು. ಕೆಟ್ಟಾಗ ಕಾಣಲೆಂದು ಈಚೆಗೆ ಎರಡು ಪುಟ ಬರೆದಿಟ್ಟಿದ್ದೆ. ಜನರಿಗೆ ಕಾಣುವುದು, 'ದಯವಿಟ್ಟು ಸ್ವಲ್ಪ ತಡೆಯಿರಿ, ಸರಿಪಡಿಸುತ್ತಿದ್ದೇವೆ.' ಕೆಲಸ ಮಾಡುವಾಗ ನನ್ನ ಕಂಪ್ಯೂಟರಿನಲ್ಲಿ ನನಗಷ್ಟೇ ಕಾಣುವುದು, 'ಲೇ ದಡ್ಡಿ, ಮತ್ತೆ ಕೆಡಿಸಿದೆಯಾ?' ಬೆಳಿಗ್ಗೆ ಹೊಸ ಫೈಲುಗಳನ್ನು ಸೈಟಿಗೆ ಏರಿಸುವಾಗ ನನ್ನ ಕಂಪ್ಯೂಟರಿನ ಸೆಟ್ಟಿಂಗೂ ಜೊತೆಗೇ ಹೋಯಿತು. ಸೈಟೂ ಕೆಟ್ಟಿತು.

ಆ ವ್ಯಾಪಾರಿ ಯಜಮಾನರ ಫೋನ್ ಬಂತು. "ಏನಮ್ಮ, ನಿನ್ನ ಸೈಟು ನನಗೆ ದಡ್ಡಿ ಅಂತೈತೆ! ದಡ್ಡ ಅಂದಿದ್ರೆ ಒಪ್ಕಂತಿದ್ದೆ."

ಅದು ನನಗೆ ನಾನೇ ಬರೆದುಕೊಂಡ ಬೈಗುಳ ಎಂದು ಹೇಳಿ ನಾಚಿಕೆಯಿಂದ ಕ್ಷಮೆ ಕೇಳಿದೆ. ಅವರು ನಕ್ಕರು. "ಇರ್ಲಿ ಬಿಡಮ್ಮ. ಮೊದ್ಲೆಲ್ಲ ಕೆಟ್ರೆ ಪುಟದ ತುಂಬ ಇಂಗ್ಲಿಷ್ ಬರ್ತಿತ್ತು. ನಾನೇ ಏನೋ ತಪ್ಪು ಒತ್ತಿದೆ ಅಂತ ಹೆದರ್ಕಂಡು ಕಂಪ್ಯೂಟರ್ ಆಫ್ ಮಾಡ್ತಿದ್ದೆ. ತಪ್ಪು ನಿಂದು ಅಂತ ಇವತ್ತು ಗೊತ್ತಾತು."

ಇಡೀ ಮಾರ್ಕೆಟ್ಟಿಗೆ ಹೇಳಿ ನಗಬಹುದಿತ್ತು. ನನಗೊಬ್ಬಳಿಗೇ ಹೇಳಿದರು. ಆ ದೊಡ್ಡ ಮನಸ್ಸಿಗೆ ಇಲ್ಲಿಂದಲೇ ಕೈಮುಗಿದು, ಕೂಡಲೇ ಸೆಟ್ಟಿಂಗ್ ಬದಲಿಸಿದೆ.

ಸ್ವಲ್ಪ ಹೊತ್ತಿಗೆ ಮತ್ತೆ ಅವರದೇ ಫೋನ್. "ಈಗ ಭಾಳ ಮರ್ಯಾದೆ ಕೊಡ್ತೈತಮ್ಮ. ರೇಟು ಯಾವಾಗ ಕೊಡ್ತೈತೆ?"

ಪುಟ ಬದಲಿಸುವ ಆತುರದಲ್ಲಿ ಸೈಟನ್ನೇ ಸರಿಮಾಡಿರಲಿಲ್ಲ. ದಡ್ಡಿ ಅಂದದ್ದರಲ್ಲಿ ತಪ್ಪೇನಿಲ್ಲ ಬಿಡಿ.